ನಗರದಲ್ಲಿ ಎಲ್ಲರೂ ಕೂಡುವ ಜಾಗ: ಹೊಸದು ಕಟ್ಟುವುದೇ, ಹಳೆಯದನ್ನು ಉಳಿಸುವುದೇ, ಬೀದಿಯನ್ನೇ ತೆರೆಯುವುದೇ?

ಬಡಾವಣೆಯ ಸಂಘಗಳಿಂದ, ಸಣ್ಣ ಟ್ರಸ್ಟ್‌ಗಳಿಂದ, ಕೆಲವೊಮ್ಮೆ ನಗರಾಡಳಿತದಲ್ಲಿ ಇರುವವರಿಂದಲೂ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಒಂದಿಷ್ಟು ಹಣ ಕೂಡಿದೆ, ಒಂದು ಜಾಗ ಕಣ್ಣಿಗೆ ಬಿದ್ದಿದೆ. ಅಲ್ಲಿ ಜನ ಸೇರಬೇಕು, ಓದಬೇಕು, ಆಡಬೇಕು, ಬೇಕೆನಿಸಿದರೆ ಸುಮ್ಮನೆ ಕುಳಿತಿರಬೇಕು. ಪರಿಸರಕ್ಕೆ ಹೊರೆಯಾಗಬಾರದು, ಯಾರನ್ನೂ ಹೊರಗಿಡಬಾರದು. ಸಭೆಯಲ್ಲಿ ಒಬ್ಬರು ಸೌರಫಲಕ ಹೊತ್ತ ಹೊಸ ಭವನದ ಚಿತ್ರ ತೋರಿಸುತ್ತಾರೆ, ಇನ್ನೊಬ್ಬರು ಮುಚ್ಚಿಹೋದ ಗೋದಾಮನ್ನು ತೆರೆಯೋಣ ಎನ್ನುತ್ತಾರೆ, ಮತ್ತೊಬ್ಬರಿಗೆ ನಾಲ್ಕು ಮರ ಮತ್ತು ಕಲ್ಲುಬೆಂಚು ಸಾಕು. ಮೂವರ ಮಾತಿನಲ್ಲೂ ಹುರುಳಿದೆ. ಹಾಗಾಗಿಯೇ ತೀರ್ಮಾನ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಈಗಾಗಲೇ ಇರುವುದನ್ನು ತೆರೆಯುವ, ದುರಸ್ತಿ ಮಾಡುವ, ಹಂಚಿಕೊಳ್ಳುವ ದಾರಿಗಳನ್ನೆಲ್ಲ ನೋಡಿದ ಮೇಲಷ್ಟೇ ಹೊಸದಕ್ಕೆ ಕೈ ಹಾಕಬೇಕು ಎಂದು ನಾನು ನಂಬಿದ್ದೇನೆ. ಆದರೆ ಈ ಮಾತು ಹೊಂದದ ಸಂದರ್ಭಗಳೂ ಇವೆ, ಅವುಗಳನ್ನು ಮುಂದೆ ಹೇಳುತ್ತೇನೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರು ಷಿಕಾಗೊ ನಗರದ 1995ರ ಜುಲೈ ತಿಂಗಳನ್ನು ನೆನೆಯಬೇಕು. ಬಿಸಿಲಿನ ಹೊಡೆತಕ್ಕೆ ಕೆಲವೇ ದಿನಗಳಲ್ಲಿ ಅಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಟಿಯಾಗಿ ಬದುಕುತ್ತಿದ್ದ ವೃದ್ಧರು ಬಹಳ. ಬಡತನದಲ್ಲಿ ಒಂದೇ ಮಟ್ಟದ ನೆರೆಹೊರೆಗಳಲ್ಲೂ ಸಾವಿನ ಪ್ರಮಾಣ ಬೇರೆ ಬೇರೆಯಾಗಿತ್ತು. ನಡೆದಾಡುವ ಬೀದಿ, ಅಂಗಡಿಸಾಲು, ಜನ ಪರಸ್ಪರ ಮುಖ ನೋಡುವ ತಾಣಗಳಿದ್ದ ಕಡೆ ಹೆಚ್ಚು ಜೀವ ಉಳಿಯಿತು ಎಂಬುದನ್ನು ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಆಮೇಲೆ ಗುರುತಿಸಿದರು. ನೆರಳು, ನೀರು, ಪರಿಚಯದ ಮುಖ ಮೂರೂ ಸಿಗುವ ಜಾಗ ನಗರಕ್ಕೆ ಆಸ್ಪತ್ರೆಯಷ್ಟೇ ಅಗತ್ಯ.

ಮೊದಲು ಅಳತೆಗೋಲು

ಆಯ್ಕೆಗಳನ್ನು ಎದುರಿಗಿಟ್ಟುಕೊಳ್ಳುವ ಮುನ್ನ ಯಾವುದರಿಂದ ಅಳೆಯುತ್ತೇವೆ ಎಂಬುದು ನಿಶ್ಚಯವಾಗಬೇಕು. ನಾನು ಐದು ಅಂಶಗಳನ್ನು ನೋಡುತ್ತೇನೆ. ಅವೆಲ್ಲಕ್ಕೂ ಒಂದೇ ತೂಕವಿಲ್ಲ.

ಮೊದಲನೆಯದು ಇಂಗಾಲದ ಲೆಕ್ಕ. ಕಟ್ಟಡ ಎರಡು ಹಂತಗಳಲ್ಲಿ ಇಂಗಾಲ ಹೊರಸೂಸುತ್ತದೆ: ಕಟ್ಟುವಾಗ ಒಮ್ಮೆಗೇ, ಬಳಸುವಾಗ ದಿನದಿನವೂ. ವಿದ್ಯುತ್ ಬಿಲ್ ಕಣ್ಣಿಗೆ ಕಾಣುವುದರಿಂದ ಎರಡನೆಯದರ ಬಗ್ಗೆ ಮಾತು ಜಾಸ್ತಿ, ಮೊದಲನೆಯದು ಮರೆತುಹೋಗುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ಗೂಡು ಉರಿಸುವ ಇಂಧನ ಅದಕ್ಕೆ ಒಂದು ಕಾರಣ ಮಾತ್ರ. ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗೇ ಇದ್ದ ಇಂಗಾಲ ಬಿಡುಗಡೆಯಾಗುತ್ತದೆ, ಅರ್ಧಕ್ಕಿಂತ ದೊಡ್ಡ ಪಾಲು ಅದರದೇ. ಹಾಗಾಗಿ ಗೂಡನ್ನು ಶುದ್ಧ ವಿದ್ಯುತ್ತಿನಿಂದ ನಡೆಸಿದರೂ ಆ ಪಾಲು ಹಾಗೆಯೇ ಉಳಿಯುತ್ತದೆ.

ಎರಡನೆಯದು, ಯಂತ್ರವಿಲ್ಲದೆ ಆ ಜಾಗ ಎಷ್ಟು ಹಿತ. ವಿದ್ಯುತ್ ಹೋದ ಬೇಸಿಗೆಯ ಮಧ್ಯಾಹ್ನ ಅಲ್ಲಿ ಒಬ್ಬ ಅಜ್ಜಿ ಒಂದು ಗಂಟೆ ಕುಳಿತಿರಬಲ್ಲರೇ? ಧೋ ಎಂದು ಮಳೆ ಸುರಿಯುವಾಗ ಮಾತು ಕೇಳಿಸುತ್ತದೆಯೇ?

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ: ಯಾರು ಒಳಗೆ ಬರಬಲ್ಲರು, ಬಂದವರು ಎಷ್ಟು ಹೊತ್ತು ಉಳಿಯಬಲ್ಲರು. ಬರುವುದು, ಉಳಿಯುವುದು ಎರಡೂ ಬೇರೆ. ನ್ಯೂಯಾರ್ಕ್ ನಗರ 1961ರಲ್ಲಿ ಒಂದು ನಿಯಮ ತಂದಿತು. ತಮ್ಮ ನಿವೇಶನದಲ್ಲಿ ಸಾರ್ವಜನಿಕರಿಗೆ ಅಂಗಳ ಬಿಟ್ಟುಕೊಟ್ಟ ಕಟ್ಟಡ ಮಾಲೀಕರು ಹೆಚ್ಚುವರಿ ಮಹಡಿ ಕಟ್ಟಿಕೊಳ್ಳಬಹುದಿತ್ತು. ಅಂಗಳಗಳೇನೋ ಬಂದವು, ಆದರೆ ಬಹುಪಾಲು ಖಾಲಿ ಹೊಡೆಯುತ್ತಿದ್ದವು. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ಅಂಗಳಗಳನ್ನು ಗಮನಿಸಿ ಕಂಡುಕೊಂಡದ್ದು ತೀರ ಸರಳ ಸಂಗತಿ: ಕುಳಿತುಕೊಳ್ಳಲು ಆಸರೆಯಿದ್ದ ಕಡೆ ಜನ ಕುಳಿತಿದ್ದರು. ಆಸನ ಕಡ್ಡಾಯವೆಂಬ ನಿಯಮ ಆಮೇಲೆ ಸೇರಿತು. ಎತ್ತಿ ಸರಿಸಬಹುದಾದ ಕುರ್ಚಿಗಳನ್ನು ಜನ ಹೆಚ್ಚು ಇಷ್ಟಪಡುತ್ತಾರೆ ಎಂದೂ ಅವರು ಗುರುತಿಸಿದರು. ಬಿಸಿಲಿನಿಂದ ನೆರಳಿಗೆ, ಒಬ್ಬರಿಂದ ಇನ್ನೊಬ್ಬರ ಬಳಿಗೆ ಸರಿಸಿಕೊಳ್ಳಬಹುದಲ್ಲ.

ಬರದೇ ಇರುವವರನ್ನು ಗಮನಿಸುವುದು ಇನ್ನೂ ಕಷ್ಟದ ಕೆಲಸ. ವಿಯೆನ್ನಾದಲ್ಲಿ 1990ರ ದಶಕದ ಕೊನೆಗೆ ಉದ್ಯಾನಗಳ ಬಳಕೆಯನ್ನು ಅಧ್ಯಯನ ಮಾಡಿದಾಗ, ಸುಮಾರು ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಅಲ್ಲಿಂದ ಮಾಯವಾಗುತ್ತಿದ್ದುದು ಕಂಡಿತು. ಯಾರೂ ಅವರನ್ನು ಬರಬೇಡಿ ಎಂದಿರಲಿಲ್ಲ. ಒಂದೇ ದೊಡ್ಡ ಮೈದಾನ ಇದ್ದಾಗ ಅದು ಗಟ್ಟಿ ದನಿಯ ಹುಡುಗರ ಪಾಲಾಗುತ್ತಿತ್ತು. ಐನ್‌ಸೀಡ್ಲರ್ ಉದ್ಯಾನದಲ್ಲಿ ಮೈದಾನವನ್ನು ಸಣ್ಣ ಭಾಗಗಳಾಗಿ ಒಡೆದರು, ಬೇರೆ ಆಟಗಳಿಗೆ ಅವಕಾಶ ಮಾಡಿದರು, ಕಾಲುದಾರಿಗಳಿಗೆ ಬೆಳಕು ಕೊಟ್ಟರು. ಹೆಣ್ಣುಮಕ್ಕಳು ಮರಳಿ ಬಂದರು. ಯಾವುದೇ ನಕ್ಷೆ ಒಪ್ಪುವ ಮೊದಲು "ಇಲ್ಲಿಗೆ ಬರದೇ ಉಳಿಯುವವರು ಯಾರು, ಏಕೆ" ಎಂದು ಕೇಳಿಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕೆಲವು ಬೇಡಿಕೆಗಳು ಒಂದಕ್ಕೊಂದು ಎದುರಾಗುತ್ತವೆ ಎಂಬುದನ್ನೂ ತಿಳಿದಿರಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ನೆಲವೆಲ್ಲ ಒಂದೇ ಸಮತಟ್ಟಾಗಿದ್ದರೆ ಸುಖ. ಕಣ್ಣು ಕಾಣದವರಿಗೆ ರಸ್ತೆ ಎಲ್ಲಿ ಮುಗಿದು ಕಾಲುದಾರಿ ಎಲ್ಲಿ ಶುರುವಾಯಿತು ಎಂದು ಕೋಲಿನ ತುದಿಗೆ ತಿಳಿಯಬೇಕು. ಅಂಚನ್ನೇ ಅಳಿಸಿ ವಾಹನ, ಪಾದಚಾರಿ ಎಲ್ಲರನ್ನೂ ಒಂದೇ ನೆಲದ ಮೇಲೆ ಬಿಡುವ ವಿನ್ಯಾಸಕ್ಕೆ ಬ್ರಿಟನ್ ಸರ್ಕಾರ 2018ರಲ್ಲಿ ತಡೆ ಹಾಕಬೇಕಾಗಿ ಬಂದದ್ದು ಅಂಧರ ಆಕ್ಷೇಪದಿಂದಲೇ. ಪರಿಹಾರ ಹಳೆಯದೇ ಇದೆ. ಜಪಾನಿನ ಸೆಯಿಚಿ ಮಿಯಾಕೆ 1960ರ ದಶಕದಲ್ಲಿ ರೂಪಿಸಿದ ಉಬ್ಬುಗೆರೆಯ ನೆಲಹಾಸು ಕಾಲಿಗೂ ಕೋಲಿಗೂ ದಾರಿ ಹೇಳುತ್ತದೆ, ಗಾಲಿಗೂ ಅಡ್ಡಿಯಾಗುವುದಿಲ್ಲ. ಬೆಂಚಿನ ಕೈಯಾಸರೆಯ ವಿಷಯವೂ ಹೀಗೆಯೇ. ಮೊಣಕಾಲು ನೋವಿನವರಿಗೆ ಎದ್ದೇಳಲು ಅದು ಬೇಕು. ಅದನ್ನೇ ಬೆಂಚಿನ ನಡುವೆ ಕೂರಿಸಿದರೆ, ದಣಿದು ಮಲಗಲು ಬಂದವನನ್ನು ಎಬ್ಬಿಸಿ ಕಳಿಸುವ ಸಾಧನವಾಗುತ್ತದೆ. ಎರಡು ತುದಿಗಳಲ್ಲಿ ಇಡಿ, ನಡುವೆ ಬೇಡ.

ನಾಲ್ಕನೆಯದು ವರ್ಷ ವರ್ಷದ ನಿರ್ವಹಣೆ. ಐದನೆಯದು ಹಕ್ಕು: ಜಾಗ ಯಾರದು, ಎಷ್ಟು ವರ್ಷಕ್ಕೆ, ಬೀಗದ ಕೈ ಯಾರ ಬಳಿ. ಈ ಎರಡರಲ್ಲಿ ಸೋತ ಯೋಜನೆ ಮೊದಲ ಮೂರರಲ್ಲಿ ಎಷ್ಟು ಗೆದ್ದರೂ ಪ್ರಯೋಜನವಿಲ್ಲ.

ಹಳೆಯ ಕಟ್ಟಡಕ್ಕೆ ಹೊಸ ಜೀವ

ಇಂಗಾಲದ ಲೆಕ್ಕದಲ್ಲಿ ಇದಕ್ಕೆ ಸಾಟಿಯಾದ ಕಟ್ಟಡವಿಲ್ಲ. ಅಡಿಪಾಯ, ಕಂಬ, ತೊಲೆ, ಚಾವಣಿಗಳಲ್ಲೇ ಕಟ್ಟುವಾಗಿನ ಇಂಗಾಲದ ದೊಡ್ಡ ಭಾಗ ಅಡಗಿರುತ್ತದೆ, ಅವೆಲ್ಲ ಇಲ್ಲಿ ಆಗಲೇ ನಿಂತಿವೆ. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ ಸಂಸ್ಥೆಯ ಅಧ್ಯಯನವೊಂದು, ಹಳೆಯ ಕಟ್ಟಡಕ್ಕಿಂತ ಶೇ 30ರಷ್ಟು ಕಡಿಮೆ ಶಕ್ತಿ ಬಳಸುವ ಹೊಸ ಕಟ್ಟಡವೂ ತನ್ನ ನಿರ್ಮಾಣದ ಹೊರೆಯನ್ನು ತೀರಿಸಲು 10ರಿಂದ 80 ವರ್ಷ ಬೇಕಾಗುತ್ತದೆ ಎಂದು ಲೆಕ್ಕ ಹಾಕಿತ್ತು. ಹವಾಮಾನದ ವಿಷಯದಲ್ಲಿ ನಮ್ಮ ಬಳಿ ಅಷ್ಟು ಸಮಯ ಇಲ್ಲ.

ನನಗೆ ಅತಿ ಪ್ರಿಯವಾದ ಉದಾಹರಣೆ ಬ್ರೆಜಿಲ್‌ನ ಸಾವೊ ಪಾಲೊ ನಗರದ ಸೆಸ್ಕ್ ಪೊಂಪೇಯ. ಡ್ರಮ್, ಅಂದರೆ ಪೀಪಾಯಿ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ ಅದು. ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ 1970ರ ದಶಕದಲ್ಲಿ ಅಲ್ಲಿಗೆ ಹೋದಾಗ ಅಕ್ಕಪಕ್ಕದ ಕುಟುಂಬಗಳು ಆಗಲೇ ಅಲ್ಲಿ ಬಿಡುವು ಕಳೆಯುತ್ತಿದ್ದವು, ಮಕ್ಕಳು ಆಡುತ್ತಿದ್ದರು. ಅವರು ಅದನ್ನು ಕೆಡವಲಿಲ್ಲ. ಇಟ್ಟಿಗೆಯ ಗೋಡೆಗಳನ್ನು ಉಳಿಸಿ, ಒಳಗೆ ಗ್ರಂಥಾಲಯ, ರಂಗಮಂದಿರ, ಕರಕುಶಲದ ಕಾರ್ಯಾಗಾರ, ಉಪಾಹಾರಶಾಲೆ ತಂದರು. ನೆಲದ ಮೇಲೆ ಸಣ್ಣ ನೀರಿನ ಹರಿವು, ಒಂದು ಕಡೆ ಬೆಂಕಿಗೂಡು. 1982ರಲ್ಲಿ ತೆರೆದ ಆ ಜಾಗ ಇಂದಿಗೂ ಜನರಿಂದ ತುಂಬಿರುತ್ತದೆ. ಅಲ್ಲಿ ಕಟ್ಟಡಕ್ಕಿಂತ ಮೊದಲು ಜನರಿದ್ದರು, ವಿನ್ಯಾಸ ಅವರನ್ನು ಓಡಿಸಲಿಲ್ಲ.

ತೊಡಕು ಪ್ರವೇಶದಲ್ಲಿದೆ. ಹಳೆಯ ಕಟ್ಟಡಗಳ ಜಗಲಿ ಎತ್ತರ, ಬಾಗಿಲು ಕಿರಿದು, ಶೌಚಾಲಯ ಹಿತ್ತಿಲ ಮೂಲೆಯಲ್ಲಿ. ಇಲ್ಲೊಂದು ಲೆಕ್ಕ ನೆನಪಿಡಿ. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಇರಬೇಕು. ಮೂರು ಮೆಟ್ಟಿಲು, ಅಂದರೆ ಸುಮಾರು 45 ಸೆಂಟಿಮೀಟರ್ ಎತ್ತರದ ಜಗಲಿಗೆ 5.4 ಮೀಟರ್ ಇಳಿಜಾರು ಬೇಕು. ಅದರ ಮೇಲೆ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ತಿರುಗಲು ತಲಾ ಒಂದೂವರೆ ಮೀಟರ್ ಸಮತಟ್ಟು. ಮುಂದಿನ ಅಂಗಳದಲ್ಲಿ ಅಷ್ಟು ಜಾಗ ಇದೆಯೇ ಎಂದು ಟೇಪ್ ಹಿಡಿದು ಅಳೆದ ಮೇಲೆ ಕಟ್ಟಡ ಒಪ್ಪಿಕೊಳ್ಳಿ. ತೋರಿಕೆಗೆ ಹಾಕಿದ ಕಡಿದಾದ ಇಳಿಜಾರು ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಯಾವಾಗ ಕೈಬಿಡಬೇಕು? ಅಡಿಪಾಯ ಕುಸಿಯುತ್ತಿದ್ದರೆ, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಪದರು ಉದುರುತ್ತಿದ್ದರೆ, ಹೊರಬರಲು ಒಂದೇ ಕಿರಿದಾದ ಮೆಟ್ಟಿಲಿದ್ದು ಇನ್ನೊಂದಕ್ಕೆ ಜಾಗವೇ ಇಲ್ಲದಿದ್ದರೆ. ಆಸ್‌ಬೆಸ್ಟಾಸ್ ಶೀಟ್ ಇದ್ದರೆ ಅದನ್ನು ತೆಗೆಯುವ ಖರ್ಚನ್ನು ಬೇರೆಯಾಗಿಯೇ ಬರೆದಿಡಿ. ಅದರ ಎಳೆಗಳು ಶ್ವಾಸಕೋಶಕ್ಕೆ ಮಾರಕ, ಸಾಮಾನ್ಯ ಕೂಲಿಯವರ ಕೈಯಲ್ಲಿ ಒಡೆಸುವಂಥದ್ದಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಲಿಖಿತ ವರದಿಗೆ ಕೊಡುವ ಹಣ ಇಡೀ ಯೋಜನೆಯಲ್ಲೇ ಅತ್ಯಂತ ಸಾರ್ಥಕ ಖರ್ಚು. ದುರಸ್ತಿಯಲ್ಲಿ ಗೋಡೆ ಒಡೆದ ಮೇಲೆ ಮಾತ್ರ ಕಾಣುವ ಸಂಗತಿಗಳು ಇದ್ದೇ ಇರುತ್ತವೆ. ಹಾಗಾಗಿ ಅಂದಾಜಿನ ಮೇಲೆ ಕಾಲುಭಾಗದಷ್ಟನ್ನಾದರೂ ಎತ್ತಿಡಿ ಎಂದು ನಾನು ಹೇಳುತ್ತೇನೆ.

ಇರುವುದನ್ನು ಹಂಚಿಕೊಳ್ಳುವುದು

ಕೈಯಲ್ಲಿ ಹಣ ಕಡಿಮೆ ಇರುವವರು ಮೊದಲು ಬಡಿಯಬೇಕಾದ ಬಾಗಿಲು ಶಾಲೆಯದು. ಯಾವ ನಗರದಲ್ಲಾದರೂ ಪ್ರತಿ ನೆರೆಹೊರೆಯಲ್ಲೂ ಒಂದು ಶಾಲೆಯಂಗಳ ಇರುತ್ತದೆ, ಸಂಜೆ ಮತ್ತು ರಜಾದಿನಗಳಲ್ಲಿ ಅದಕ್ಕೆ ಬೀಗ. ಪ್ಯಾರಿಸ್ ನಗರ ಶಾಲೆಗಳ ಡಾಂಬರು ಅಂಗಳಗಳನ್ನು ಅಗೆದು, ನೀರು ಇಂಗುವ ನೆಲ, ಮರ, ನೆರಳು ತಂದು, ಅವುಗಳಲ್ಲಿ ಕೆಲವನ್ನು ಶಾಲೆಯಿಲ್ಲದ ಹೊತ್ತಿನಲ್ಲಿ ಸುತ್ತಲಿನವರಿಗೂ ತೆರೆಯುತ್ತಿದೆ. ಬಿಸಿಗಾಳಿಯ ದಿನಗಳಲ್ಲಿ ಅವು ತಂಪಿನ ತಾಣಗಳಾಗಬೇಕು ಎಂಬುದೇ ಅದರ ಉದ್ದೇಶ.

ಇಂಗಾಲದ ಹೊರೆ ಹೆಚ್ಚುಕಡಿಮೆ ಸೊನ್ನೆ, ಶೌಚಾಲಯ ಮತ್ತು ನೀರು ಮೊದಲೇ ಇದೆ, ಮಕ್ಕಳಿಗೂ ನೆರಳು ಸಿಗುತ್ತದೆ. ಕೊರತೆ ಸಮಯದ್ದು. ಬೆಳಗ್ಗೆ ಮನೆಯಲ್ಲೇ ಇರುವ ವೃದ್ಧರಿಗೆ, ಎಳೆ ಮಕ್ಕಳ ತಾಯಂದಿರಿಗೆ ಈ ಜಾಗ ಒದಗುವುದಿಲ್ಲ, ಆಗ ಶಾಲೆ ನಡೆಯುತ್ತಿರುತ್ತದೆ. ಮುಖ್ಯೋಪಾಧ್ಯಾಯರು ಬದಲಾದರೆ ಒಪ್ಪಂದವೇ ಮುರಿಯಬಹುದು. ಬೆಳಗ್ಗೆ ಕಸ ಯಾರು ಗುಡಿಸುತ್ತಾರೆ, ಯಾರಾದರೂ ಬಿದ್ದು ಗಾಯಗೊಂಡರೆ ಹೊಣೆ ಯಾರದು, ತರಗತಿಗಳಿಗೆ ಪ್ರತ್ಯೇಕ ಬೀಗ ಇದೆಯೇ ಎಂಬುದೆಲ್ಲ ಬರಹದಲ್ಲಿ ಇರಲಿ. ವಿಶ್ವಾಸದ ಮೇಲೆ ಶುರುವಾದ ಹಂಚಿಕೆ ಮೊದಲ ಒಡೆದ ಕಿಟಕಿಗೇ ನಿಂತುಹೋಗುತ್ತದೆ.

ಬೀದಿ

ನಗರದ ಅತಿ ದೊಡ್ಡ ಸಾರ್ವಜನಿಕ ಆಸ್ತಿ ರಸ್ತೆಯೇ. ಅದನ್ನು ನಿಂತ ಕಾರುಗಳಿಗೆ ಬರೆದುಕೊಟ್ಟು ಕೂಡುವ ಜಾಗಕ್ಕಾಗಿ ನಿವೇಶನ ಹುಡುಕುತ್ತೇವೆ. ಕೊಲಂಬಿಯಾದ ಬೊಗೊಟಾ ನಗರ 1974ರಿಂದ ಭಾನುವಾರ ಮತ್ತು ರಜಾದಿನಗಳಲ್ಲಿ ಮುಖ್ಯರಸ್ತೆಗಳನ್ನು ಮಧ್ಯಾಹ್ನದವರೆಗೆ ವಾಹನಗಳಿಗೆ ಮುಚ್ಚಿ ಜನರಿಗೆ ತೆರೆಯುತ್ತ ಬಂದಿದೆ. ಈಗ ಅದರ ಉದ್ದ ನೂರು ಕಿಲೋಮೀಟರ್ ದಾಟಿದೆ. ಕಟ್ಟಬೇಕಾದದ್ದು ಏನೂ ಇಲ್ಲ. ಅಡ್ಡಗಟ್ಟುವ ಫಲಕಗಳು, ನಿಲ್ಲುವ ಸ್ವಯಂಸೇವಕರು, ಪಟ್ಟುಬಿಡದ ಆಡಳಿತ, ಇಷ್ಟಿದ್ದರೆ ನಡೆಯುತ್ತದೆ.

ಶಾಶ್ವತ ಬದಲಾವಣೆ ಬೇಕೆಂದರೆ ಬಾರ್ಸಿಲೋನಾದ ದಾರಿ ಇದೆ. ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಕಟ್ಟಡ ಸಮುಚ್ಚಯಗಳನ್ನು ಒಂದು ಘಟಕವೆಂದು ಹಿಡಿದು, ಹಾದುಹೋಗುವ ವಾಹನಗಳನ್ನು ಅಂಚಿಗೆ ತಳ್ಳಿ, ಒಳಬೀದಿಗಳಲ್ಲಿ ನಡಿಗೆಯ ವೇಗಕ್ಕೆ ವಾಹನಗಳನ್ನು ಇಳಿಸುವ ಕ್ರಮ ಅದು. ಪೊಬ್ಲೆನೊ ಪ್ರದೇಶದಲ್ಲಿ 2016ರಲ್ಲಿ ಶುರುವಾದಾಗ ನಿವಾಸಿಗಳಿಂದಲೇ ಪ್ರತಿಭಟನೆ ಬಂತು. ರಾತ್ರೋರಾತ್ರಿ ಬಣ್ಣ ಬಳಿದು ಟ್ರಾಫಿಕ್ ಕೋನ್‌ಗಳನ್ನಿಟ್ಟದ್ದು ಅವರಿಗೆ ಹಿಡಿಸಲಿಲ್ಲ. ಮರ, ಬೆಂಚು, ಆಟದ ಜಾಗಗಳು ಬಂದ ಮೇಲೆ ಮನಸ್ಸುಗಳು ಬದಲಾದವು. ಮುಂದಿನ ಪ್ರದೇಶಗಳಲ್ಲಿ ಜನರ ಜೊತೆ ಮೊದಲೇ ಮಾತುಕತೆ ನಡೆಸಿದರು.

ಬೀದಿಗೆ ಹೊಸ್ತಿಲಿಲ್ಲ, ಬಾಗಿಲಿಲ್ಲ, ಕಾವಲುಗಾರನ ದೃಷ್ಟಿಯಿಲ್ಲ. ಒಳಗೆ ಹೋಗಲು ಅಂಜುವವರೂ ಬೀದಿಯ ಬೆಂಚಿನ ಮೇಲೆ ಕೂರುತ್ತಾರೆ. ಆದರೆ ಮಳೆಗೆ ಆಸರೆಯಿಲ್ಲ, ಶೌಚಾಲಯವಿಲ್ಲ. ಶೌಚಾಲಯವಿಲ್ಲದ ಜಾಗದಲ್ಲಿ ಹೆಂಗಸರು, ಮಕ್ಕಳು, ಸಕ್ಕರೆ ಕಾಯಿಲೆಯವರು ಅರ್ಧಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಹತ್ತಿರದ ಗ್ರಂಥಾಲಯವೋ ಸಮುದಾಯ ಭವನವೋ ತನ್ನ ಶೌಚಾಲಯವನ್ನು ಬೀದಿಗೆ ತೆರೆದಿಡಲು ಒಪ್ಪಿದರೆ ಈ ಆಯ್ಕೆಯ ಬೆಲೆಯೇ ಬೇರೆಯಾಗುತ್ತದೆ. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನದ ದಾರಿ, ಅಂಗವಿಕಲರ ವಾಹನ ಮನೆಬಾಗಿಲವರೆಗೆ ಬರುವ ಅನುಮತಿ ಎರಡನ್ನೂ ನಕ್ಷೆಯಲ್ಲೇ ಗುರುತಿಸಿ.

ಉದ್ಯಾನ, ಮೈದಾನ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮರಗಳಿಗಿಂತ ಅಗ್ಗದ ತಂಪು ಇನ್ನೊಂದಿಲ್ಲ. ಎರಡು ಎಚ್ಚರಿಕೆ ಮಾತ್ರ. ನ್ಯೂಯಾರ್ಕಿನಲ್ಲಿ ಕೈಬಿಟ್ಟ ರೈಲು ಸೇತುವೆಯ ಮೇಲೆ 2009ರಲ್ಲಿ ತೆರೆದ ಹೈ ಲೈನ್ ಉದ್ಯಾನ ಜಗತ್ತಿಗೆಲ್ಲ ಮಾದರಿಯಾಯಿತು. ಸುತ್ತಲಿನ ಜಾಗದ ಬೆಲೆಯೂ ಗಗನಕ್ಕೇರಿತು, ಪಕ್ಕದ ಬಡವರ ವಸತಿ ಸಮುಚ್ಚಯಗಳ ಜನ ಅಲ್ಲಿ ಕಾಣಿಸಿದ್ದು ಕಡಿಮೆ. ಅದನ್ನು ಕಟ್ಟಿಬೆಳೆಸಿದವರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ ಈ ಕೊರತೆಯನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಹಸಿರು ಬಂದ ಕೂಡಲೇ ಬಾಡಿಗೆದಾರರು ಹೊರಬೀಳುವ ಸ್ಥಿತಿ ಇರುವ ಕಡೆ, ಉದ್ಯಾನಕ್ಕೆ ಮೊದಲು ಅವರ ಮನೆಗಳಿಗೆ ರಕ್ಷಣೆ ಕೇಳಬೇಕು.

ಇನ್ನೊಂದು, ಕೆಲವು ಜಾಗಗಳಿಗೆ ಏನೂ ಮಾಡದಿರುವುದೇ ಸರಿ. ಫ್ರಾನ್ಸಿನ ಬೋರ್ಡೊ ನಗರ 1996ರಲ್ಲಿ ಒಂದು ಚೌಕವನ್ನು ಅಂದಗೊಳಿಸಲು ಆನ್ ಲಾಕಾಟನ್ ಮತ್ತು ಜ್ಯಾಂ ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿ ಜೋಡಿಯನ್ನು ಕೇಳಿತು. ಅವರು ಅಲ್ಲಿ ಕುಳಿತು ನೋಡಿದರು, ನಿವಾಸಿಗಳನ್ನು ಮಾತನಾಡಿಸಿದರು. ಚೌಕ ಈಗಲೇ ಚೆನ್ನಾಗಿದೆ, ಜಲ್ಲಿ ಬದಲಿಸಿ, ಮರಗಳನ್ನು ನೋಡಿಕೊಳ್ಳಿ, ಹೆಚ್ಚು ಸಲ ಗುಡಿಸಿ ಎಂದಷ್ಟೇ ಸಲಹೆ ಕೊಟ್ಟರು. ಇದೇ ಜೋಡಿಗೆ 2021ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಹಣ ಉಳಿಸಿಕೊಟ್ಟ ಆ ಸಲಹೆಯನ್ನು ನಾನು ಪ್ರತಿ ಸಮಿತಿಗೂ ಹೇಳಲು ಬಯಸುತ್ತೇನೆ.

ಗೋಡೆಯಿಲ್ಲದ ಚಾವಣಿ

ಹಳೆಯ ಕಟ್ಟಡ ಸಿಗಲಿಲ್ಲ, ಹೊಸ ಭವನಕ್ಕೆ ಹಣವಿಲ್ಲ, ಆದರೆ ಮಳೆ ಬಿಸಿಲಿಗೆ ಆಸರೆ ಬೇಕೇ ಬೇಕು ಎನ್ನುವವರಿಗೆ ನನ್ನ ಉತ್ತರ ಇದು. ಕಂಬಗಳ ಮೇಲೆ ಅಗಲವಾದ ಚಾವಣಿ, ಕೆಳಗೆ ಸಮತಟ್ಟಾದ ನೆಲ, ಒಂದು ಬದಿಯಲ್ಲಿ ಶೌಚಾಲಯ, ಕುಡಿಯುವ ನೀರು, ಸಾಮಾನು ಇಡುವ ಕೋಣೆ. ಗೋಡೆ, ಕಿಟಕಿ, ಹವಾನಿಯಂತ್ರಣ ಯಾವುದೂ ಬೇಡವಾದ್ದರಿಂದ ಕಟ್ಟುವ ಹೊರೆಯೂ ನಡೆಸುವ ಹೊರೆಯೂ ಕಡಿಮೆ. ಒಳಗೇನು ನಡೆಯುತ್ತಿದೆ ಎಂದು ಹೊರಗಿನಿಂದಲೇ ಕಾಣುವುದರಿಂದ ಹೊಸಬರು ಹಿಂಜರಿಯುವುದಿಲ್ಲ. ಕೈಮಾತಿನಲ್ಲಿ ಸಂಭಾಷಿಸುವ ಕಿವುಡರಿಗೆ ತಡೆಯಿಲ್ಲದ ನೋಟ, ಮುಖದ ಮೇಲೆ ಸಮನಾದ ಬೆಳಕು ಎರಡೂ ಸಿಗುತ್ತವೆ.

ತಗಡಿನ ಚಾವಣಿಯಾದರೆ ಶಾಖ ಮತ್ತು ಮಳೆಯ ಸದ್ದು ಎರಡನ್ನೂ ಎದುರಿಸಬೇಕು. ಬುರ್ಕಿನಾ ಫಾಸೊ ದೇಶದ ಗಾಂಡೊದಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಕಟ್ಟಿದ ಶಾಲೆ ಇದಕ್ಕೆ ದಾರಿ ತೋರಿಸಿದೆ. ಕೆಳಗೆ ಮಣ್ಣಿನ ಇಟ್ಟಿಗೆಯ ಒಳಚಾವಣಿ, ಅದರ ಮೇಲೆ ಅಂತರ ಬಿಟ್ಟು ಎತ್ತರಕ್ಕೆ ಕೂರಿಸಿದ ತಗಡು. ನಡುವೆ ಗಾಳಿ ಹರಿದು ತಗಡಿನ ಕಾವನ್ನು ಒಯ್ದುಬಿಡುತ್ತದೆ, ಕೆಳಗಿನವರಿಗೆ ತಟ್ಟುವುದಿಲ್ಲ. ಇಲ್ಲಿಯೂ ಎರಡು ಪದರಗಳ ನಡುವೆ ಅಂತರ ಬಿಡುವುದೇ ಉಪಾಯ. ಸದ್ದಿಗೂ ಅದೇ ಪರಿಹಾರ, ಒಳಪದರ ಮರದ್ದೋ ಬಿದಿರಿನದೋ ಆಗಬಹುದು.

ದೀರ್ಘ ಚಳಿಗಾಲದ ನಗರಗಳಿಗೆ ಇದು ಹೊಂದುವುದಿಲ್ಲ. ಪುಸ್ತಕ, ಕಂಪ್ಯೂಟರ್ ಇಡಬೇಕೆಂದರೂ ಕಷ್ಟ. ಗಿಜಿಗುಡುವ ರಸ್ತೆಯ ಪಕ್ಕದಲ್ಲಿ ಹೊಗೆ ಮತ್ತು ಶಬ್ದ ನೇರವಾಗಿ ಒಳಬರುತ್ತವೆ.

ಹೊಸ ಕಟ್ಟಡ

ಇದನ್ನು ಕೊನೆಗೆ ಇಟ್ಟಿದ್ದೇನೆ, ತಳ್ಳಿಹಾಕಿಲ್ಲ. ಹೆಲ್ಸಿಂಕಿಯ ಓಡಿ ಗ್ರಂಥಾಲಯವನ್ನು ನೋಡಿ. ಫಿನ್‌ಲೆಂಡ್ ಸ್ವಾತಂತ್ರ್ಯದ ನೂರನೇ ವರ್ಷದ ನೆನಪಿಗೆ 2018ರಲ್ಲಿ ತೆರೆದ, ಮರದ ಹೊರಮೈಯ ಈ ಕಟ್ಟಡ ಸಂಸತ್ತಿನ ಎದುರಿಗೇ ಇದೆ. ಪುಸ್ತಕ ಇರುವುದು ಮೇಲಿನ ಮಹಡಿಯಲ್ಲಿ. ಮಧ್ಯದಲ್ಲಿ ಹೊಲಿಗೆ ಯಂತ್ರ, ಸಂಗೀತದ ಕೋಣೆ, ಕಾರ್ಯಾಗಾರ. ಒಳಬರಲು ಶುಲ್ಕವಿಲ್ಲ, ಏನನ್ನೂ ಕೊಳ್ಳಬೇಕಿಲ್ಲ. ಇಷ್ಟೆಲ್ಲವನ್ನು ಒಂದು ಹಳೆಯ ಗೋದಾಮಿನಲ್ಲಿ ತರುವುದು ಸುಲಭವಲ್ಲ. ಭೂಕಂಪ, ಪ್ರವಾಹದ ಅಪಾಯವಿರುವ ಕಡೆ ಹಳೆಯ ಕಟ್ಟಡಗಳನ್ನು ನಂಬಲಾಗದು, ಅಲ್ಲಿ ಗಟ್ಟಿಯಾದ ಹೊಸ ಕಟ್ಟಡವೇ ಆಪತ್ಕಾಲದ ಆಶ್ರಯವೂ ಆಗುತ್ತದೆ.

ಎದುರು ಉದಾಹರಣೆ ಕೊಲಂಬಿಯಾದ ಮೆಡೆಲಿನ್ ನಗರದ್ದು. ಗುಡ್ಡದ ಮೇಲಿನ ಬಡ ವಸತಿಯಲ್ಲಿ 2007ರಲ್ಲಿ ತೆರೆದ ಎಸ್ಪಾನ್ಯ ಗ್ರಂಥಾಲಯ ಕಪ್ಪುಬಂಡೆಗಳ ಹಾಗೆ ಕಾಣುತ್ತಿತ್ತು, ಲೋಕವೆಲ್ಲ ಮೆಚ್ಚಿತು. ಒಂದು ದಶಕ ತುಂಬುವ ಹೊತ್ತಿಗೆ ನಿರ್ಮಾಣದ ದೋಷಗಳಿಂದ ಅದನ್ನು ಮುಚ್ಚಬೇಕಾಯಿತು. ಅತಿ ಹೆಚ್ಚು ಅಗತ್ಯವಿದ್ದ ಜನರೇ ಅದನ್ನು ಕಳೆದುಕೊಂಡರು. ಸುಲಭವಾಗಿ ನಿರ್ವಹಿಸಿ ದುರಸ್ತಿ ಮಾಡಬಹುದಾದ ಸರಳ ಕಟ್ಟಡ ಬಡ ಬಡಾವಣೆಯ ಘನತೆಗೆ ಕುಂದು ತರುವುದಿಲ್ಲ.

ಕಟ್ಟಲೇಬೇಕೆಂದರೆ ನೆಲಮಾಳಿಗೆ ಬಿಡಿ, ಕಾಂಕ್ರೀಟನ್ನು ಅತಿ ಹೆಚ್ಚು ನುಂಗುವುದು ಅದೇ. ಹಾರುಬೂದಿ, ಕುಲುಮೆಯ ಕಿಟ್ಟ ಬೆರೆಸಿದ ಸಿಮೆಂಟ್ ಕೇಳಿ. ಒತ್ತುಮಣ್ಣಿನ ಇಟ್ಟಿಗೆ, ಕಲ್ಲು, ಮರಗಳಲ್ಲಿ ಹತ್ತಿರ ಸಿಗುವುದನ್ನು ಬಳಸಿ. ಕಿಟಕಿಗೆ ಹೊರಗಿನಿಂದ ನೆರಳು ಕೊಟ್ಟು, ಎದುರುಬದುರು ಗಾಳಿಗೆ ದಾರಿ ಮಾಡಿದ ಮೇಲೆ ಹವಾನಿಯಂತ್ರಣದ ಮಾತು. ಜಿಂಬಾಬ್ವೆಯ ಹರಾರೆ ನಗರದ ಈಸ್ಟ್‌ಗೇಟ್ ಸಮುಚ್ಚಯ 1996ರಿಂದ ರಾತ್ರಿಯ ಗಾಳಿಯ ತಂಪನ್ನು ಗೋಡೆ ನೆಲಗಳಲ್ಲಿ ಹಿಡಿದಿಟ್ಟು ಹಗಲು ತಂಪಾಗಿರುತ್ತದೆ. ರಾತ್ರಿ ತಂಪಾಗುವ ಹವೆ ಇರುವಲ್ಲಿ ಈ ವಿಧಾನ ಸಲ್ಲುತ್ತದೆ, ರಾತ್ರಿಯೂ ಬೆವರಿಳಿಯುವ ಕರಾವಳಿಯಲ್ಲಿ ಗಾಳಿಯ ಹರಿವನ್ನೇ ನಂಬಬೇಕು. ಹಸಿರು ಕಟ್ಟಡದ ಪ್ರಮಾಣಪತ್ರ ಬೇಕೇ ಎಂದು ಹಲವರು ಕೇಳುತ್ತಾರೆ. ಹಣ ಕೊಡುವವರು ಕೇಳಿದರೆ ಪಡೆಯಿರಿ, ಸಣ್ಣ ಕಟ್ಟಡವಾದರೆ ಆ ಹಣವನ್ನು ನೆರಳಿಗೆ ಹಾಕಿ.

ಯಾರಿಗೆ ಯಾವುದು

ಹಣ ಬಹಳ ಕಡಿಮೆ, ಜನಬಲ ಇದೆ ಎಂದಾದರೆ ಶಾಲೆಯಂಗಳ ಅಥವಾ ಭಾನುವಾರದ ಬೀದಿ. ಇವೆರಡರಲ್ಲಿ ವೃದ್ಧರು ಹೆಚ್ಚಿರುವ ನೆರೆಹೊರೆಗೆ ಬೀದಿಯೇ ಮೇಲು, ಅವರ ಮನೆಬಾಗಿಲಿಗೆ ಹತ್ತಿರ. ಮಕ್ಕಳು ಹೆಚ್ಚಿದ್ದರೆ ಅಂಗಳ.

ಮಧ್ಯಮ ಹಣ, ಬೆಚ್ಚಗಿನ ಹವೆ, ಜಾಗದ ಮೇಲೆ ಕನಿಷ್ಠ ಹತ್ತು ವರ್ಷದ ಹಕ್ಕು ಇದ್ದರೆ ಗೋಡೆಯಿಲ್ಲದ ಚಾವಣಿ ಮತ್ತು ಮರಗಳು. ಹಕ್ಕು ಅದಕ್ಕಿಂತ ಕಡಿಮೆಯಿದ್ದರೆ ಬೋಲ್ಟ್ ಬಿಚ್ಚಿ ಬೇರೆಡೆ ಒಯ್ಯಬಹುದಾದ ಉಕ್ಕಿನ ಕಂಬಗಳನ್ನೇ ಹಾಕಿ. ಓದುವ ಕೋಣೆ, ಕಾನೂನು ಸಲಹೆ, ಆರೋಗ್ಯ ತಪಾಸಣೆ, ಹೆಂಗಸರ ಗುಂಪುಗಳ ಸಭೆ, ಹೀಗೆ ಗೋಡೆಯ ಮರೆ ಬೇಡುವ ಕೆಲಸಗಳಿದ್ದರೆ ಹಳೆಯ ಕಟ್ಟಡಕ್ಕೆ ಬೇರೆ ಪರ್ಯಾಯವಿಲ್ಲ. ದೊಡ್ಡ ಹಣವಿದ್ದು, ಸುತ್ತ ಉಳಿಸಬಹುದಾದ ಕಟ್ಟಡವೇ ಇಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದರೆ, ನಿರ್ವಹಣೆಗೆ ಪ್ರತಿವರ್ಷ ಹಣ ಬರುವ ಮೂಲ ನಿಶ್ಚಿತವಾಗಿದ್ದರೆ, ಹೊಸದು ಕಟ್ಟಿ. ಈ ಎರಡು ಷರತ್ತುಗಳಲ್ಲಿ ಒಂದು ತಪ್ಪಿದರೂ ಬೇಡ ಎನ್ನುವೆ.

ಎರಡು ಆಯ್ಕೆಗಳ ನಡುವೆ ಇನ್ನೂ ತೂಗಾಟವಿದ್ದರೆ ತಾತ್ಕಾಲಿಕವಾಗಿ ಮಾಡಿ ನೋಡಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ರಸ್ತೆಯನ್ನು ಮುಚ್ಚಿ ಅಗ್ಗದ ಮಡಿಸುವ ಕುರ್ಚಿಗಳನ್ನು ಹರಡಿದರು. ಜನ ಕುಳಿತರು. ಶಾಶ್ವತ ಕಲ್ಲುಹಾಸು ಬಂದದ್ದು ಆಮೇಲೆ. ಕುರ್ಚಿ, ನೆರಳಿನ ಬಟ್ಟೆ, ಕುಡಿಯುವ ನೀರು, ಒಂದು ದೀಪ ಇಷ್ಟನ್ನು ಎರಡೂ ಜಾಗಗಳಲ್ಲಿ ಒಂದು ಋತುವಿನ ಮಟ್ಟಿಗೆ ಇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಕತ್ತಲಾದ ಮೇಲೆ, ವಾರದ ದಿನ ಮತ್ತು ರಜಾದಿನ ಎರಡರಲ್ಲೂ ಹೋಗಿ ಎಣಿಸಿ. ಹಾದುಹೋದವರನ್ನಲ್ಲದೆ ಹತ್ತು ನಿಮಿಷಕ್ಕಿಂತ ಹೆಚ್ಚು ಉಳಿದವರನ್ನು ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಹೆಂಗಸರೆಷ್ಟು, ವೃದ್ಧರೆಷ್ಟು, ಒಂಟಿಯಾಗಿ ಬಂದವರೆಷ್ಟು, ಗಾಲಿಕುರ್ಚಿಯವರು, ಕೋಲು ಹಿಡಿದವರು ಎಷ್ಟು ಎಂದು ಗುರುತಿಸಿ. ಆ ಹಾಳೆಯನ್ನು ಸಭೆಯ ಮುಂದಿಟ್ಟು, ಉಳಿದವರ ಸಂಖ್ಯೆ ಯಾವ ಜಾಗದಲ್ಲಿ ಹೆಚ್ಚೋ ಅಲ್ಲಿಂದಲೇ ವಾಸ್ತುಶಿಲ್ಪಿಯ ಜೊತೆ ಮಾತು ಶುರುಮಾಡಿ.